ಮಳೆಗಾಲದಲ್ಲಿ ತಡವರಿಸುವ ಹಳೆಯ ಕಾರು: ದೋಷ ಪತ್ತೆಯ ಕ್ರಮ

ಬೇಸಿಗೆಯುದ್ದಕ್ಕೂ ತಕರಾರಿಲ್ಲದೆ ಓಡಿದ ಹಳೆಯ ಪೆಟ್ರೋಲ್ ಕಾರು, ಮೃಗಶಿರಾ ಮಳೆ ಹಿಡಿದ ವಾರದಲ್ಲಿಯೇ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಏರಿನಲ್ಲಿ ಜರ್ಕ್ ಹೊಡೆಯುವುದು, ನೀರು ನಿಂತ ರಸ್ತೆಯನ್ನು ದಾಟಿದೊಡನೆ ಆಫ್ ಆಗಿ ನಿಲ್ಲುವುದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ವಾಹನ ಮಾಲೀಕರಿಗೆ ಹೊಸದಲ್ಲ. ಬಿಸಿಲು ಬಿದ್ದ ಮೇಲೆ ಅದೇ ಕಾರು ತಾನಾಗಿಯೇ ಸರಿಹೋಗುವುದರಿಂದ ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ದೋಷವು ಕಾಣಿಸಿಕೊಳ್ಳುವುದೇ ಇಲ್ಲ. ಒಮ್ಮೆ ಪ್ಲಗ್, ಮತ್ತೊಮ್ಮೆ ಬ್ಯಾಟರಿ, ಮಗದೊಮ್ಮೆ ಕಾರ್ಬ್ಯುರೇಟರ್ ಎಂದು ಒಂದೊಂದೇ ಭಾಗ ಬದಲಾಗುತ್ತ ಹೋಗುತ್ತದೆ, ದೋಷ ಮಾತ್ರ ಮುಂದಿನ ಮಳೆಗೆ ಹಾಗೆಯೇ ಉಳಿದಿರುತ್ತದೆ. ಈ ಲೇಖನದಲ್ಲಿ ವಿವರಿಸಿರುವ ಕ್ರಮವು ಮುಖ್ಯವಾಗಿ 1983ರ ಡಿಸೆಂಬರ್‌ನಲ್ಲಿ ಬಂದು 2014ರವರೆಗೆ ತಯಾರಾದ ಮಾರುತಿ 800, ಅದರದೇ ಮೂರು ಸಿಲಿಂಡರ್‌ಗಳ 796 ಸಿಸಿ ಎಂಜಿನ್ ಹೊತ್ತ ಓಮ್ನಿ, ಹಾಗೂ ಇನ್ನೂ ಅಲ್ಲಲ್ಲಿ ಓಡಾಡುತ್ತಿರುವ ಪ್ರೀಮಿಯರ್ ಪದ್ಮಿನಿ ಮತ್ತು ಪೆಟ್ರೋಲ್ ಅಂಬಾಸಿಡರ್‌ಗಳಿಗೆ ಅನ್ವಯಿಸುತ್ತದೆ.

ಮಳೆಯು ಈ ದೋಷವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಹೊರಗೆ ತೋರಿಸುತ್ತದೆ ಎಂಬುದನ್ನು ಮೊದಲೇ ಅರಿತುಕೊಳ್ಳುವುದು ಒಳ್ಳೆಯದು. ಬೇಸಿಗೆಯ ದೂಳು, ಎಂಜಿನ್‌ನ ಎಣ್ಣೆಯ ಜಿಡ್ಡು ಮತ್ತು ಕಾವಿನಿಂದ ಸೀಳಿದ ರಬ್ಬರ್ ಇವು ಮೂರೂ ಮೇ ತಿಂಗಳ ಹೊತ್ತಿಗೆ ಸಿದ್ಧವಾಗಿಯೇ ಇರುತ್ತವೆ. ಅವುಗಳ ಮೇಲೆ ತೇವ ಕುಳಿತಾಗ ದೋಷ ಬಯಲಾಗುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಶಿವಮೊಗ್ಗದಿಂದ ಬಂದ ಚನ್ನಗಿರಿ, ಹೊನ್ನಾಳಿ ಸೀಮೆಯೂ ಚಿತ್ರದುರ್ಗದಿಂದ ಬಂದ ಜಗಳೂರು ಸೀಮೆಯೂ ಹವಾಮಾನದಲ್ಲಿ ಒಂದೇ ಅಲ್ಲ: ಮೊದಲನೆಯದು ಅರೆಮಲೆನಾಡಿನ ಅಂಚು, ಎರಡನೆಯದು ಬರಕ್ಕೆ ಪದೇಪದೇ ತುತ್ತಾಗುವ ಬಯಲು. ಆದರೂ ಮಳೆ ಕಡಿಮೆಯಿರುವ ಜಗಳೂರಿನ ಕಾರುಗಳು ಮೊದಲ ಮಳೆಗೇ ಕೈಕೊಡುವುದಕ್ಕೆ ಕಾರಣ ಈ ದೂಳೇ.

ಕಿಡಿಯು ದಾರಿ ತಪ್ಪುವ ಬಗೆ

ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಪೆಟ್ರೋಲ್‌ನ ಮಿಶ್ರಣವನ್ನು ಸಿಲಿಂಡರ್‌ನೊಳಗೆ ಒತ್ತಿ, ಸ್ಪಾರ್ಕ್ ಪ್ಲಗ್‌ನ ಎರಡು ತುದಿಗಳ ನಡುವೆ ಹಾರುವ ವಿದ್ಯುತ್ ಕಿಡಿಯಿಂದ ಹೊತ್ತಿಸಲಾಗುತ್ತದೆ. ಆ ತುದಿಗಳ ನಡುವಿನ ಅಂತರ ಹಳೆಯ ಕಾರುಗಳಲ್ಲಿ ಬಹುಮಟ್ಟಿಗೆ 0.6ರಿಂದ 0.8 ಮಿಲಿಮೀಟರ್ ಮಾತ್ರವಾದರೂ, ಒತ್ತಿಟ್ಟ ಗಾಳಿಯು ವಿದ್ಯುತ್ತಿಗೆ ಸುಲಭವಾಗಿ ದಾರಿ ಬಿಡದ ಕಾರಣ ಅದನ್ನು ದಾಟಲು ಹತ್ತು ಸಾವಿರ ವೋಲ್ಟ್‌ಗಳ ಆಸುಪಾಸಿನ ವಿದ್ಯುತ್ ಒತ್ತಡ ಬೇಕಾಗುತ್ತದೆ. ಬ್ಯಾಟರಿಯ 12 ವೋಲ್ಟನ್ನು ಅಷ್ಟು ಎತ್ತರಕ್ಕೆ ಏರಿಸುವ ಭಾಗಕ್ಕೆ ಇಗ್ನಿಷನ್ ಕಾಯಿಲ್ ಎಂದೂ, ಏರಿದ ವಿದ್ಯುತ್ತನ್ನು ಸರದಿಯಂತೆ ಒಂದೊಂದು ಸಿಲಿಂಡರ್‌ಗೆ ಹಂಚುವ ಭಾಗಕ್ಕೆ ಡಿಸ್ಟ್ರಿಬ್ಯೂಟರ್ ಎಂದೂ ಹೆಸರು. ಡಿಸ್ಟ್ರಿಬ್ಯೂಟರ್‌ನ ಒಳಗೆ ತಿರುಗುವ ಚಿಕ್ಕ ತುಂಡು ರೋಟರ್. ಅದರ ಮೇಲಿನ ಪ್ಲಾಸ್ಟಿಕ್ ಜಾತಿಯ ಮುಚ್ಚಳ ಕ್ಯಾಪ್. ಕ್ಯಾಪ್‌ನಿಂದ ಪ್ಲಗ್‌ಗಳಿಗೆ ಹೋಗುವ ದಪ್ಪ ತಂತಿಗಳೇ ಪ್ಲಗ್ ವೈರ್‌ಗಳು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ರೂಪಿಸಿದ ಈ ಏರ್ಪಾಡು, ಕಾಯಿಲ್‌ಗೆ ಹೋಗುವ ವಿದ್ಯುತ್ತನ್ನು ಕಡಿದು ಜೋಡಿಸುವ ಪಾಯಿಂಟ್‌ಗಳ ಬದಲು ಎಲೆಕ್ಟ್ರಾನಿಕ್ ಸ್ವಿಚ್ ಬಂದದ್ದನ್ನು ಬಿಟ್ಟರೆ, ಮೂಲತಃ ಹಾಗೆಯೇ ಮಾರುತಿ 800ರವರೆಗೂ ನಡೆದುಬಂದಿದೆ.

ವಿದ್ಯುತ್ತು ಅತ್ಯಂತ ಸುಲಭವಾದ ದಾರಿಯನ್ನು ಹುಡುಕುತ್ತದೆ. ಕ್ಯಾಪ್ ಮತ್ತು ವೈರ್‌ಗಳ ಮೈ ಶುಚಿಯಾಗಿ ಒಣಗಿರುವವರೆಗೆ ಪ್ಲಗ್‌ನ ಅಂತರವೇ ಅದಕ್ಕೆ ಸುಲಭದ ದಾರಿ. ಮೈಮೇಲೆ ದೂಳು ಕುಳಿತು, ಆ ದೂಳು ತೇವವಾದಾಗ ಲೋಹದ ಎಂಜಿನ್‌ವರೆಗೆ ಮತ್ತೊಂದು ದಾರಿ ತೆರೆದುಕೊಳ್ಳುತ್ತದೆ. ಶುದ್ಧ ನೀರಿಗೆ ವಿದ್ಯುತ್ತನ್ನು ಒಯ್ಯುವ ಗುಣ ತೀರಾ ಕಡಿಮೆ. ದೂಳಿನಲ್ಲಿರುವ ಲವಣಗಳು ಕರಗಿದ ನೀರು ಮಾತ್ರ ಅದನ್ನು ಚೆನ್ನಾಗಿ ಒಯ್ಯುತ್ತದೆ. ಆದ್ದರಿಂದಲೇ ಶುಚಿಯಾದ ಎಂಜಿನ್ ಮಳೆಯಲ್ಲಿ ನೆಂದರೂ ಓಡುತ್ತದೆ, ದೂಳು ಹಿಡಿದ ಎಂಜಿನ್ ಬರಿಯ ಇಬ್ಬನಿಗೆ ನಿಲ್ಲುತ್ತದೆ. ಭದ್ರಾ ನಾಲೆಯ ನೀರು ನಡುವೆ ಸೋರಿಹೋದಷ್ಟೂ ಕೊನೆಭಾಗದ ಗದ್ದೆಗೆ ಕೊರತೆಯಾಗುವಂತೆ, ದಾರಿಯಲ್ಲಿ ಸೋರಿದ ವಿದ್ಯುತ್ತಿನಿಂದಾಗಿ ಪ್ಲಗ್‌ನಲ್ಲಿ ಕಿಡಿ ದುರ್ಬಲವಾಗುತ್ತದೆ ಅಥವಾ ಹುಟ್ಟುವುದೇ ಇಲ್ಲ.

ಏರಿನಲ್ಲಿ ಅಥವಾ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಎಂಜಿನ್ ಹೆಚ್ಚು ಮಿಸ್ ಆಗುವುದಕ್ಕೂ ಇದೇ ವಿವರಣೆ ಸಲ್ಲುತ್ತದೆ: ಆಗ ಸಿಲಿಂಡರ್‌ನೊಳಗೆ ಹೆಚ್ಚು ಗಾಳಿ ತುಂಬಿ ಒತ್ತಡ ಏರುವುದರಿಂದ ಪ್ಲಗ್‌ನ ಅಂತರ ದಾಟಲು ಹೆಚ್ಚು ವೋಲ್ಟ್ ಬೇಕಾಗುತ್ತದೆ, ವೋಲ್ಟ್ ಹೆಚ್ಚಿದಷ್ಟೂ ಸೋರುವ ದಾರಿಯು ವಿದ್ಯುತ್ತನ್ನು ಹೆಚ್ಚು ಸೆಳೆಯುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಮೂರು ಸಿಲಿಂಡರ್‌ಗಳ ಎಂಜಿನ್‌ಗೆ ಪ್ರತಿ ಸೆಕೆಂಡಿಗೆ 75 ಕಿಡಿಗಳು ಬೇಕು. ಅವುಗಳಲ್ಲಿ ಕೆಲವು ತಪ್ಪಿದರೂ ಚಾಲಕರಿಗೆ ಅದು ಜರ್ಕ್ ಆಗಿ ತಟ್ಟುತ್ತದೆ.

ಮಳೆಗಾಲದ ಗಾಳಿಯಲ್ಲಿ ತೇವ ಹೆಚ್ಚಾಗಿ ಎಂಜಿನ್‌ಗೆ ಉಸಿರು ಸಾಲದಾಗುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪೂರ್ಣ ತೇವದಿಂದ ಕೂಡಿದ ಗಾಳಿಯಲ್ಲಿಯೂ ನೀರಿನ ಆವಿ ಸುಮಾರು ಶೇಕಡ 3 ಮಾತ್ರ. ಅದರಿಂದ ಎಂಜಿನ್‌ನ ಶಕ್ತಿ ಗಮನಕ್ಕೆ ಬಾರದಷ್ಟು ತಗ್ಗಬಹುದೇ ಹೊರತು ಜರ್ಕ್ ಹೊಡೆಯಲು, ಎಂಜಿನ್ ನಿಂತುಹೋಗಲು ಅದು ಕಾರಣವಾಗಲಾರದು.

ಮೊದಲ ಪ್ರಶ್ನೆ: ದೋಷ ಯಾವಾಗ ಕಾಣಿಸಿಕೊಳ್ಳುತ್ತದೆ?

ಸ್ಪ್ಯಾನರ್ ಹಿಡಿಯುವ ಮೊದಲು ದೋಷವು ಯಾವ ಹೊತ್ತಿನಲ್ಲಿ, ಯಾವ ಸಂದರ್ಭದಲ್ಲಿ ಬರುತ್ತದೆ ಎಂಬುದನ್ನು ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಮಳೆ, ತೇವ, ನೀರಿನ ಎರಚಲು ಇವು ಮೂರೂ ಬೇರೆ ಬೇರೆ ಭಾಗಗಳನ್ನು ತಟ್ಟುವುದರಿಂದ ಎಲ್ಲವನ್ನೂ ಒಟ್ಟುಗೂಡಿಸಿ ಮಳೆಗೆ ಕಾರು ಓಡುವುದಿಲ್ಲ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಅವರಿಗೂ ಅದರಿಂದ ಹೆಚ್ಚಿನ ಸುಳಿವು ಸಿಗುವುದಿಲ್ಲ.

ರಾತ್ರಿ ಹೊರಗೆ ನಿಂತ ಕಾರು ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗದೆ, ಒಮ್ಮೆ ಸ್ಟಾರ್ಟ್ ಆಗಿ ಕಾವೇರಿದ ಮೇಲೆ ಇಡೀ ದಿನ ಚೆನ್ನಾಗಿ ಓಡಿದರೆ, ಕ್ಯಾಪ್‌ನ ಒಳಮೈ ಮೇಲೆ ತೇವ ಕಟ್ಟಿಕೊಳ್ಳುತ್ತಿದೆ ಎಂದು ತಿಳಿಯಬಹುದು. ರಾತ್ರಿ ಎಂಜಿನ್ ತಣ್ಣಗಾಗುವಾಗ ಕ್ಯಾಪ್‌ನೊಳಗಿನ ತೇವದ ಗಾಳಿಯು ಹನಿಗಟ್ಟುತ್ತದೆ, ಎಂಜಿನ್‌ನ ಕಾವಿಗೆ ಅದೇ ಹನಿ ಆರಿಹೋಗುತ್ತದೆ. ಇದಕ್ಕೆ ಮಳೆಯೇ ಬೇಕೆಂದಿಲ್ಲ. ತುಂಗಭದ್ರೆಯ ದಂಡೆಯ ಹೊನ್ನಾಳಿ ಭಾಗದಲ್ಲಿ ಚಳಿಗಾಲದ ಮಂಜಿಗೂ, ಚನ್ನಗಿರಿಯ ಅಡಿಕೆ ತೋಟಗಳ ನಡುವೆ ನಿಲ್ಲಿಸಿದ ಕಾರಿಗೆ ಬರಿಯ ಇಬ್ಬನಿಗೂ ಹೀಗಾಗುತ್ತದೆ.

ಚೆನ್ನಾಗಿ ಓಡುತ್ತಿದ್ದ ಕಾರು ನಿಂತ ನೀರನ್ನು ದಾಟಿದ ಕೂಡಲೇ ಮಿಸ್ ಆಗತೊಡಗಿ, ಹತ್ತು ಹದಿನೈದು ನಿಮಿಷಗಳ ನಂತರ ಸರಿಹೋದರೆ, ಕೆಳಗಿನಿಂದ ಎರಚಿದ ನೀರು ಪ್ಲಗ್ ವೈರ್, ಕ್ಯಾಪ್‌ನ ಹೊರಮೈ ಅಥವಾ ಕಾಯಿಲ್‌ನ ತಲೆಗೆ ಬಿದ್ದಿದೆ ಎಂದರ್ಥ. ಎಂಜಿನ್‌ನ ಅಡಿಯ ಪ್ಲಾಸ್ಟಿಕ್ ತಡೆಹಲಗೆ ಅಥವಾ ಚಕ್ರದ ಒಳಗಿನ ಮರೆ ಕಳಚಿ ಬಿದ್ದುಹೋಗಿದ್ದರೆ ಇದು ಹೆಚ್ಚುತ್ತದೆ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿ, ಮುಂಚಕ್ರಗಳ ಸಮೀಪವೇ ಇರುವುದರಿಂದ ಎರಚಲು ಅದಕ್ಕೆ ನೇರವಾಗಿ ತಗಲುತ್ತದೆ. ಓಮ್ನಿಯ ಮಾಲೀಕರು ಪರೀಕ್ಷೆಯನ್ನು ಇಲ್ಲಿಂದಲೇ ಆರಂಭಿಸುವುದು ಸೂಕ್ತ.

ಹಗಲಲ್ಲಿ ಸರಿಯಿದ್ದು, ಸಂಜೆ ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಬ್ಲೋವರ್ ಮೂರನ್ನೂ ಹಾಕಿದಾಗ ಎಂಜಿನ್ ಕುಗ್ಗಿದರೆ ದೋಷ ಕಿಡಿಯ ದಾರಿಯಲ್ಲಿ ಇರದೆ ವಿದ್ಯುತ್ತಿನ ಪೂರೈಕೆಯಲ್ಲಿರಬಹುದು. ಒದ್ದೆಯಾದ ಫ್ಯಾನ್ ಬೆಲ್ಟ್ ಜಾರಿ ಕಿರ್ರೆಂದು ಶಬ್ದ ಮಾಡುತ್ತಿದ್ದರೆ ಆಲ್ಟರ್ನೇಟರ್ ಸಾಕಷ್ಟು ತಿರುಗುತ್ತಿಲ್ಲ, ಬ್ಯಾಟರಿಯು ತುಂಬಿಕೊಳ್ಳುತ್ತಿಲ್ಲ ಎಂದು ಊಹಿಸಬೇಕು.

ಎಂಜಿನ್ ಒಣಗಿದರೂ, ಕಾವೇರಿದರೂ, ಬಿಸಿಲು ಬಂದರೂ ತಡವರಿಕೆ ನಿಲ್ಲದಿದ್ದರೆ ಪೆಟ್ರೋಲ್‌ನಲ್ಲಿ ನೀರು ಸೇರಿರುವ ಅನುಮಾನ ಬಲವಾಗುತ್ತದೆ. ಇನ್ನು, ಕಾರ್ಬ್ಯುರೇಟರ್‌ನ ಬಾಯಲ್ಲಿ ತೇವದ ಗಾಳಿ ಹಿಮಗಟ್ಟುವ ತೊಂದರೆಯೊಂದು ಪುಸ್ತಕಗಳಲ್ಲಿ ಪ್ರಸಿದ್ಧವಾಗಿದೆ. ಚಳಿಯೂ ತೇವವೂ ಒಟ್ಟಾಗಿರುವ ಪ್ರದೇಶಗಳ ಆ ತೊಂದರೆಯನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಮೊದಲಿಗೇ ಶಂಕಿಸುವ ಅಗತ್ಯವಿಲ್ಲ.

ಪರೀಕ್ಷೆಯ ಹಂತಗಳು

ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಣಬಟ್ಟೆ, ಟಾರ್ಚ್, ಗಿಡಗಳಿಗೆ ನೀರು ಚಿಮುಕಿಸುವ ಸಣ್ಣ ಸ್ಪ್ರೇ ಬಾಟಲಿ, ಪ್ಲಗ್ ಸ್ಪ್ಯಾನರ್ ಮತ್ತು ಸಾಧಾರಣ ಮಲ್ಟಿಮೀಟರ್ ಸಾಕು. ಹಂತಗಳನ್ನು ಇದೇ ಸರದಿಯಲ್ಲಿ ನಡೆಸಬೇಕು. ಏಕೆಂದರೆ ಮೊದಲಿನ ಹಂತಗಳಿಗೆ ಖರ್ಚಿಲ್ಲ, ದೋಷವು ಬಹಳಷ್ಟು ಸಲ ಅಲ್ಲಿಯೇ ಸಿಕ್ಕಿಬಿಡುತ್ತದೆ.

1. ಬಾನೆಟ್ ತೆರೆದು, ಎಂಜಿನ್ ಆಫ್ ಇರುವಾಗಲೇ, ಎಲ್ಲ ಪ್ಲಗ್ ವೈರ್‌ಗಳನ್ನೂ ಹಗಲಿನ ಬೆಳಕಿನಲ್ಲಿ ಮೆಲ್ಲಗೆ ಬಗ್ಗಿಸಿ ನೋಡಬೇಕು. ಬಗ್ಗಿಸಿದಾಗ ಕೂದಲೆಳೆಯಂಥ ಸೀಳುಗಳು ಬಾಯ್ದೆರೆದರೆ, ತುದಿಯ ರಬ್ಬರ್ ಟೋಪಿಗಳು ಗಟ್ಟಿಯಾಗಿ ಒಡೆದಿದ್ದರೆ, ಇಲಿ ಕಡಿದ ಗುರುತಿದ್ದರೆ ಆ ಸೆಟ್ಟನ್ನು ಪೂರ್ತಿಯಾಗಿ ಬದಲಿಸಬೇಕು. ವೈರ್‌ಗಳು ಎಂಜಿನ್‌ನ ಲೋಹಕ್ಕೆ ಒರಗಿ ಉಜ್ಜಿಕೊಂಡ ಜಾಗಗಳನ್ನು ವಿಶೇಷವಾಗಿ ಗಮನಿಸಬೇಕು, ಸೋರಿಕೆ ಬಹುಪಾಲು ಅಲ್ಲಿಂದಲೇ ಆಗುತ್ತದೆ.

2. ಕತ್ತಲಾದ ಮೇಲೆ, ತೆರೆದ ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಎಳೆದು ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಬೇಕು. ಅದಕ್ಕೂ ಮೊದಲು ಪೆಟ್ರೋಲ್ ಎಲ್ಲಿಯೂ ಸೋರುತ್ತಿಲ್ಲ, ವಾಸನೆ ಬರುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಕಡ್ಡಾಯ. ಟಾರ್ಚ್ ಆರಿಸಿ ನೋಡಿದಾಗ ವೈರ್‌ಗಳ ಸುತ್ತ, ಕ್ಯಾಪ್‌ನ ಮೇಲೆ, ಕಾಯಿಲ್‌ನ ತಲೆಯ ಬಳಿ ನೀಲಿ ಮಿಣುಕು ಕಂಡರೆ ಅಥವಾ ಚಟಚಟ ಸದ್ದು ಕೇಳಿದರೆ ಅದೇ ಸೋರುವ ಜಾಗ. ಏನೂ ಕಾಣದಿದ್ದರೆ ಸ್ಪ್ರೇ ಬಾಟಲಿಯಿಂದ ನವಿರಾದ ಹನಿಗಳನ್ನು ಒಂದು ಬಾರಿಗೆ ಒಂದೇ ಭಾಗದ ಮೇಲೆ, ಮೊದಲು ವೈರ್‌ಗಳಿಗೆ, ನಂತರ ಕ್ಯಾಪ್‌ಗೆ, ಕೊನೆಗೆ ಕಾಯಿಲ್‌ಗೆ ಚಿಮುಕಿಸಬೇಕು. ಯಾವ ಭಾಗ ತೇವವಾದಾಗ ಎಂಜಿನ್‌ನ ಸದ್ದು ಕೆಡುತ್ತದೆಯೋ ಅದೇ ದೋಷಿ. ಮಳೆಗಾಗಿ ಕಾಯದೆ, ಮೇ ತಿಂಗಳ ಬಿಸಿಲಿನಲ್ಲಿಯೂ ಮಳೆಯ ದೋಷವನ್ನು ಹಿಡಿದುಕೊಡುವ ಈ ಪರೀಕ್ಷೆಯು ಇಡೀ ಕ್ರಮದಲ್ಲಿ ಅತ್ಯಂತ ಬೆಲೆಯುಳ್ಳದ್ದು.

3. ಎಂಜಿನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆಯಬೇಕು. ಒಳಗೆ ಬೆವರಿನಂತೆ ತೇವ ಕಂಡರೆ ಒಣಬಟ್ಟೆಯಿಂದ ಒರೆಸಿ ಬಿಸಿಲಿಗಿಟ್ಟು ಒಣಗಿಸಬೇಕು. ಒಣಗಿದ ಮೇಲೆ ಟಾರ್ಚ್ ಬೆಳಕಿನಲ್ಲಿ ಒಳಮೈಯನ್ನು ನೋಡಿದಾಗ, ಒಂದು ಲೋಹದ ತುದಿಯಿಂದ ಮತ್ತೊಂದಕ್ಕೆ ಅಥವಾ ಅಂಚಿಗೆ, ಪೆನ್ಸಿಲಿನಿಂದ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಆ ಕ್ಯಾಪ್‌ನ ಆಯುಷ್ಯ ಮುಗಿದಿದೆ ಎಂದೇ ತಿಳಿಯಬೇಕು. ಪದೇಪದೇ ಸೋರಿದ ವಿದ್ಯುತ್ತು ಪ್ಲಾಸ್ಟಿಕನ್ನು ಸುಟ್ಟು ಇಂಗಾಲವಾಗಿಸಿದ ಗುರುತು ಅದು. ಇಂಗಾಲವು ಸ್ವತಃ ವಿದ್ಯುತ್ತನ್ನು ಒಯ್ಯುವುದರಿಂದ ಎಷ್ಟು ಒಣಗಿಸಿದರೂ, ಒರೆಸಿದರೂ ಆ ದಾರಿ ಮುಚ್ಚುವುದಿಲ್ಲ. ಕ್ಯಾಪ್‌ನ ನಡುವಿನ ಇಂಗಾಲದ ಗುಂಡಿ ಸವೆದಿದೆಯೇ, ರೋಟರ್‌ನ ತುದಿ ಸುಟ್ಟಿದೆಯೇ, ರೋಟರ್ ಬಿರುಕು ಬಿಟ್ಟಿದೆಯೇ ಎಂಬುದನ್ನೂ ಇದೇ ಸಂದರ್ಭದಲ್ಲಿ ನೋಡಬೇಕು. ಕ್ಯಾಪ್ ಮತ್ತು ರೋಟರನ್ನು ಜೊತೆಯಾಗಿಯೇ ಬದಲಿಸುವುದು ಲೇಸು.

4. ಪ್ಲಗ್ ವೈರ್‌ಗಳನ್ನು ಒಂದೊಂದಾಗಿ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಅವುಗಳ ರೋಧ, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಅಳೆಯಬೇಕು. ರೇಡಿಯೊ ಗೊಂದಲವನ್ನು ತಡೆಯಲು ಇಂಗಾಲದ ನಾರು ಹಾಕಿದ ವೈರ್‌ಗಳಲ್ಲಿ ಇದು ಸಾವಿರಾರು ಓಮ್‌ಗಳಷ್ಟಿರುವುದು ಸಹಜ. ಉದ್ದವಾದ ವೈರ್‌ನಲ್ಲಿ ಹೆಚ್ಚು, ಗಿಡ್ಡ ವೈರ್‌ನಲ್ಲಿ ಕಡಿಮೆ ಇರುತ್ತದೆ. ಒಂದು ವೈರ್ ಮಾತ್ರ ತನ್ನ ಉದ್ದಕ್ಕೆ ಹೊಂದದಷ್ಟು ಹೆಚ್ಚಿನ ಅಳತೆ ತೋರಿದರೆ ಅಥವಾ ಅಳತೆಯೇ ಬಾರದಿದ್ದರೆ ಅದರ ಒಳಗಿನ ನಾರು ತುಂಡಾಗಿದೆ. ಒಂದನ್ನು ಬಿಚ್ಚಿ ಮತ್ತೆ ಹಾಕಿದ ಮೇಲೆಯೇ ಮತ್ತೊಂದನ್ನು ಮುಟ್ಟಬೇಕು. ಮಾರುತಿಯ ಮೂರು ಸಿಲಿಂಡರ್‌ಗಳ ಎಂಜಿನ್‌ಗೆ ಕಿಡಿಯ ಸರದಿ 1-3-2, ಪದ್ಮಿನಿ ಮತ್ತು ಅಂಬಾಸಿಡರ್‌ನ ನಾಲ್ಕು ಸಿಲಿಂಡರ್‌ಗಳಿಗೆ 1-3-4-2. ಅದು ತಪ್ಪಿದರೆ ಇದ್ದ ದೋಷದ ಮೇಲೆ ಹೊಸದೊಂದು ಸೇರಿಕೊಳ್ಳುತ್ತದೆ.

5. ಪ್ಲಗ್‌ಗಳನ್ನು ಬಿಚ್ಚುವ ಮೊದಲು ಅವುಗಳ ಕುಳಿಯಲ್ಲಿ ನಿಂತ ನೀರು, ಮಣ್ಣನ್ನು ಊದಿ ತೆಗೆಯಬೇಕು, ಇಲ್ಲದಿದ್ದರೆ ಅದು ನೇರವಾಗಿ ಸಿಲಿಂಡರ್‌ಗೆ ಬೀಳುತ್ತದೆ. ತುದಿ ತಿಳಿಕಂದು ಬಣ್ಣವಿದ್ದರೆ ಆ ಸಿಲಿಂಡರ್ ಚೆನ್ನಾಗಿ ಉರಿಯುತ್ತಿದೆ. ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಅಲ್ಲಿಗೆ ಕಿಡಿ ತಲುಪುತ್ತಿಲ್ಲ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ ಅಥವಾ ಚೋಕ್ ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲ. ಬಿಳಿಯ ಪಿಂಗಾಣಿ ಭಾಗದಲ್ಲಿ ಬಿರುಕು ಅಥವಾ ಉದ್ದನೆಯ ಕಂದು ಗೆರೆ ಕಂಡ ಪ್ಲಗ್ ಮಳೆಗಾಲಕ್ಕೆ ಪ್ರಯೋಜನವಿಲ್ಲ.

6. ಏರ್ ಫಿಲ್ಟರ್‌ನ ಡಬ್ಬಿ ತೆರೆದು ಒಳಗಿನ ಕಾಗದದ ಮಡಿಕೆಗಳನ್ನು ಮುಟ್ಟಿ ನೋಡಬೇಕು. ದೂಳು ತುಂಬಿದ ಕಾಗದಕ್ಕೆ ತೇವ ತಗಲಿದರೆ ಅದು ಕೆಸರಿನ ಪದರವಾಗಿ ಗಾಳಿಯನ್ನು ತಡೆಯುತ್ತದೆ, ಕಾರಿನ ಪಿಕಪ್ ಬಿದ್ದುಹೋಗುತ್ತದೆ.

7. ಎಂಜಿನ್ ಆಫ್ ಇರುವಾಗ ಬ್ಯಾಟರಿಯಲ್ಲಿ 12.4ರಿಂದ 12.6 ವೋಲ್ಟ್, ಎಂಜಿನ್ ಸ್ವಲ್ಪ ವೇಗದಲ್ಲಿ ತಿರುಗುವಾಗ 13.8ರಿಂದ 14.5 ವೋಲ್ಟ್ ಇರಬೇಕು. ಎರಡನೆಯ ಅಳತೆಯನ್ನು ಹೆಡ್‌ಲೈಟ್, ವೈಪರ್, ಬ್ಲೋವರ್ ಹಾಕಿಯೂ ನೋಡಬೇಕು; ಅದು 13ಕ್ಕಿಂತ ಕೆಳಗಿಳಿದರೆ ಬೆಲ್ಟ್ ಬಿಗಿ, ಆಲ್ಟರ್ನೇಟರ್ ಮತ್ತು ಎಂಜಿನ್‌ನಿಂದ ಕಾರಿನ ಬಾಡಿಯ ಲೋಹಕ್ಕೆ ಬರುವ ಅರ್ಥ್ ತಂತಿಯ ತುಕ್ಕು ಇವುಗಳನ್ನು ಪರೀಕ್ಷಿಸಬೇಕು. ತುಕ್ಕು ಹಿಡಿದ ಅರ್ಥ್ ತಂತಿಯು ಸೆಲ್ಫ್ ಹೊಡೆಯುವಾಗ ವೋಲ್ಟನ್ನು ನುಂಗುವುದರಿಂದ ಒಳ್ಳೆಯ ಬ್ಯಾಟರಿಯೂ ಸತ್ತಂತೆ ಕಾಣುತ್ತದೆ.

ಪೆಟ್ರೋಲ್‌ನಲ್ಲಿ ನೀರು ಸೇರಿದಾಗ

ಕಿಡಿಯ ದಾರಿ ಸ್ವಚ್ಛವಾಗಿದ್ದೂ ಎಂಜಿನ್ ತಡವರಿಸಿದರೆ ಪೆಟ್ರೋಲ್‌ನತ್ತ ಗಮನ ಹರಿಸಬೇಕು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆತಿರುತ್ತದೆ. ಶೇಕಡ 20ರಷ್ಟು ಬೆರೆಸಿದ ಇಂಧನಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಪೆಟ್ರೋಲ್ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ, ಎಥನಾಲ್ ಸೇರಿಸಿಕೊಳ್ಳುತ್ತದೆ. ಅಲ್ಪಸ್ವಲ್ಪ ತೇವವನ್ನು ಅದು ಕರಗಿಸಿಕೊಂಡು ಉರಿದುಹೋಗಲು ನೆರವಾಗುವುದಾದರೂ, ನೀರಿನ ಪ್ರಮಾಣ ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಪೆಟ್ರೋಲ್ ಎಳೆದುಕೊಳ್ಳುವ ಕೊಳವೆಯ ಬಾಯಿ ಇರುವುದೂ ತಳದಲ್ಲಿಯೇ. ಹಳೆಯ ಕಾರುಗಳಲ್ಲಿ ನೀರು ಒಳಸೇರುವ ದಾರಿ ಬಹುಮಟ್ಟಿಗೆ ಟ್ಯಾಂಕಿನ ಮುಚ್ಚಳದ ಸತ್ತುಹೋದ ರಬ್ಬರ್ ಬಳೆ ಅಥವಾ ಅದರ ಸುತ್ತಲಿನ ತೂತು ಮುಚ್ಚಿಹೋಗಿ ನಿಂತ ಮಳೆನೀರು. ವಾರಗಟ್ಟಲೆ ಕಾಲು ಟ್ಯಾಂಕ್ ಪೆಟ್ರೋಲ್‌ನೊಂದಿಗೆ ನಿಂತ ಕಾರಿನ ಖಾಲಿ ಭಾಗದಲ್ಲಿ ತೇವವು ಹನಿಗಟ್ಟುವುದೂ ಉಂಟು.

ಪರೀಕ್ಷೆ ಸರಳ: ಕಾರ್ಬ್ಯುರೇಟರ್‌ಗೆ ಬರುವ ಪೈಪಿನಿಂದ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಅಲುಗಾಡದಂತೆ ಇಡಬೇಕು. ತಳದಲ್ಲಿ ಬೇರೆಯೇ ಪದರ ಅಥವಾ ಉರುಳುವ ಹನಿಗಳು ಕಂಡರೆ ಟ್ಯಾಂಕ್ ಖಾಲಿ ಮಾಡಿಸಿ, ಫಿಲ್ಟರ್ ಬದಲಿಸಿ, ಕಾರ್ಬ್ಯುರೇಟರ್‌ನ ಬಟ್ಟಲನ್ನು ತೊಳೆಯಿಸದೆ ಬೇರೆ ಉಪಾಯವಿಲ್ಲ. ಹಳೆಯ ರಬ್ಬರ್ ಪೈಪುಗಳು ಎಥನಾಲ್‌ಗಾಗಿ ತಯಾರಾದವಲ್ಲವಾದ್ದರಿಂದ ಅವುಗಳನ್ನೂ ಇದೇ ಸಂದರ್ಭದಲ್ಲಿ ಬದಲಿಸುವುದು ವಿವೇಕ.

ಇಂಜೆಕ್ಷನ್ ಮತ್ತು ಡೀಸೆಲ್ ಕಾರುಗಳು

ಸುಮಾರು 2000ದ ನಂತರದ, ಕಾರ್ಬ್ಯುರೇಟರ್ ಬದಲು ಎಂಪಿಎಫ್‌ಐ ಇಂಜೆಕ್ಷನ್ ಬಂದ ಕಾರುಗಳಲ್ಲಿಯೂ ಕಿಡಿಗೆ ಸಂಬಂಧಿಸಿದ ಮಾತುಗಳು ಬಹುಮಟ್ಟಿಗೆ ಸಲ್ಲುತ್ತವೆ. ಅವುಗಳ ಜೊತೆಗೆ ಸೆನ್ಸರ್‌ಗಳ ಕನೆಕ್ಟರ್‌ಗಳಲ್ಲಿ ತೇವ ಸೇರಿ ಹಸಿರು ತುಕ್ಕು ಹಿಡಿಯುವ ಸಾಧ್ಯತೆಯಿದೆ. ಚೆಕ್ ಎಂಜಿನ್ ದೀಪ ಹೊತ್ತಿದ್ದರೆ ಊಹೆಗೆ ಇಳಿಯದೆ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಕೋಡ್ ಓದಿಸಬೇಕು. ಡೀಸೆಲ್ ಎಂಜಿನ್‌ಗೆ ಕಿಡಿಯೇ ಇಲ್ಲದ ಕಾರಣ ಅಲ್ಲಿ ನೋಡಬೇಕಾದದ್ದು ಡೀಸೆಲ್ ಫಿಲ್ಟರ್‌ನ ತಳದಲ್ಲಿ ಸೇರಿದ ನೀರು, ಏರ್ ಫಿಲ್ಟರ್ ಮತ್ತು ಬ್ಯಾಟರಿ ಇಷ್ಟೇ.

ಎಚ್ಚರಿಕೆಗಳು

ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರ್ ಅಥವಾ ಕಾಯಿಲನ್ನು ಬರಿಗೈಯಲ್ಲಿ ಮುಟ್ಟಬಾರದು, ಒದ್ದೆ ನೆಲದ ಮೇಲೆ ನಿಂತಂತೂ ಮುಟ್ಟಲೇಬಾರದು. ಎಲೆಕ್ಟ್ರಾನಿಕ್ ಇಗ್ನಿಷನ್‌ನ ಹೊಡೆತ ಹೃದ್ರೋಗಿಗಳಿಗೆ, ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಪ್ರಾಣಾಂತಿಕವಾಗಬಲ್ಲದು. ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ಓಡುವ ಎಂಜಿನ್‌ನಿಂದ ಒಂದೊಂದೇ ವೈರ್ ಕಿತ್ತು ನೋಡುವ ಹಳೆಯ ಪದ್ಧತಿ ಪಾಯಿಂಟ್ ಕಾಲದ ಕಾರುಗಳಿಗೆ ನಡೆದೀತು; ನಂತರದ ಕಾರುಗಳಲ್ಲಿ ಅದರಿಂದ ಇಗ್ನಿಷನ್ ಮಾಡ್ಯೂಲ್ ಸುಡುವ, ಉರಿಯದ ಪೆಟ್ರೋಲ್ ಸೈಲೆನ್ಸರ್‌ನ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುವ ಅಪಾಯವಿದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು, ಹೊಗೆಯಲ್ಲಿರುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಹಳ್ಳ ಮತ್ತು ತಗ್ಗು ರಸ್ತೆಗಳಿಗೆ ಸಂಬಂಧಿಸಿದ್ದು. ತುಂಗಭದ್ರೆ ಏರಿದಾಗ ಹೊನ್ನಾಳಿಯ ತಗ್ಗು ಪ್ರದೇಶಗಳಲ್ಲಿ, ಸೂಳೆಕೆರೆಯ ಕೆಳಗಿನ ಹಳ್ಳಗಳು ತುಂಬಿದಾಗ ಚನ್ನಗಿರಿಯ ಹಳ್ಳಿಗಳ ದಾರಿಯಲ್ಲಿ ನೀರು ಎಷ್ಟು ಆಳವಿದೆ ಎಂಬುದು ಮೇಲಿನಿಂದ ತಿಳಿಯುವುದಿಲ್ಲ. ಆಳದ ನೀರಿನಲ್ಲಿ ನಿಂತುಹೋದ ಕಾರಿಗೆ ಮತ್ತೆ ಸೆಲ್ಫ್ ಹೊಡೆಯಲೇಬಾರದು. ಗಾಳಿಯ ಕೊಳವೆಯ ಮೂಲಕ ಸಿಲಿಂಡರ್‌ಗೆ ನೀರು ಸೇರಿದ್ದರೆ, ಗಾಳಿಯಂತೆ ನೀರು ಒತ್ತಲ್ಪಡದ ಕಾರಣ, ಪಿಸ್ಟನ್ ಮೇಲೇರುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೆಲವು ಸಾವಿರ ರೂಪಾಯಿಗಳ ಕೆಲಸ ಪೂರ್ತಿ ಎಂಜಿನ್ ಇಳಿಸುವ ಕೆಲಸವಾಗುತ್ತದೆ. ಅಂಥ ಕಾರನ್ನು ತಳ್ಳಿ ಹೊರಗೆ ತಂದು, ಪ್ಲಗ್‌ಗಳನ್ನು ಬಿಚ್ಚಿ, ನೀರು ಹೊರಹೋಗಿದೆ ಎಂಬುದು ಖಚಿತವಾದ ಮೇಲೆಯೇ ಎಂಜಿನ್ ತಿರುಗಿಸಬೇಕು. ನೀರು ದಾಟಿ ಬಂದ ಕಾರಿನ ಬ್ರೇಕ್‌ಗಳೂ ಕ್ಷಣಕಾಲ ಹಿಡಿಯುವುದಿಲ್ಲ. ನಿಧಾನವಾಗಿ ಓಡಿಸುತ್ತ ಪೆಡಲನ್ನು ಹಗುರವಾಗಿ ಒತ್ತಿ ಅವುಗಳನ್ನು ಒಣಗಿಸಿಕೊಳ್ಳಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲನೆಯ ತಪ್ಪು, ಮಳೆಯಲ್ಲಿ ಕಾರು ಮಿಸ್ ಆದೊಡನೆ ಕಾರ್ಬ್ಯುರೇಟರ್ ಟ್ಯೂನ್ ಮಾಡಿಸುವುದು. ಬಿಸಿಲಿನಲ್ಲಿ ಸರಿಯಾಗಿ ಓಡುವ ಕಾರಿನ ಕಾರ್ಬ್ಯುರೇಟರ್ ಹೊಂದಾಣಿಕೆಯು ಮೋಡ ಕವಿದಾಕ್ಷಣ ಕೆಡಲು ಕಾರಣವೇ ಇಲ್ಲ. ಮಳೆಯ ದಿನ ತಿರುಗಿಸಿದ ಸ್ಕ್ರೂ ಬಿಸಿಲು ಬಂದಾಗ ಪೆಟ್ರೋಲ್ ಕುಡಿಯುತ್ತದೆ. ಕಿಡಿ ಸರಿಯಾಗುವವರೆಗೆ ಕಾರ್ಬ್ಯುರೇಟರ್ ಮುಟ್ಟದಿರುವುದೇ ನಿಯಮವಾಗಬೇಕು.

ಕ್ಯಾಪ್‌ನ ಒಳಗಿನ ಕಪ್ಪು ಗೆರೆಯನ್ನು ಎಮರಿ ಪೇಪರಿನಿಂದ ಉಜ್ಜಿ ತೆಗೆಯುವುದು ಮತ್ತೊಂದು ತಪ್ಪು: ನುಣುಪಾದ ಮೈ ಹೋಗಿ ಸಣ್ಣ ಗೀರುಗಳು ಮೂಡುತ್ತವೆ, ದೂಳು ಮತ್ತು ತೇವಕ್ಕೆ ಅವೇ ಆಸರೆಯಾಗುತ್ತವೆ. ಡಿಸ್ಟ್ರಿಬ್ಯೂಟರ್‌ಗೆ ಪ್ಲಾಸ್ಟಿಕ್ ಚೀಲ ಸುತ್ತಿ ಬಿಗಿಯಾಗಿ ಕಟ್ಟುವ ರೂಢಿಯೂ ಒಳ್ಳೆಯದಲ್ಲ, ಹೊರಗಿನ ನೀರನ್ನು ತಡೆದರೂ ಒಳಗಿನ ತೇವ ಅದರಿಂದ ಹೊರಹೋಗಲಾರದು. ವಾಟರ್ ಸರ್ವಿಸ್ ಮಾಡಿಸುವಾಗ ಬಾನೆಟ್ ತೆರೆದು ಒತ್ತಡದ ನೀರನ್ನು ನೇರವಾಗಿ ಎಂಜಿನ್ ಮೇಲೆ ಬಿಡಿಸುವುದರಿಂದ ಮಳೆ ಮಾಡದ ಹಾನಿಯನ್ನು ಆ ನೀರು ಮಾಡುತ್ತದೆ. ಡಬ್ಲ್ಯೂಡಿ-40ರಂಥ ಸ್ಪ್ರೇಗಳು ತೇವವನ್ನು ಓಡಿಸಿ ದಾರಿಯಲ್ಲಿ ನಿಂತ ಕಾರನ್ನು ಮನೆ ಮುಟ್ಟಿಸುತ್ತವೆ, ಆದರೆ ಅವು ಬೆಂಕಿ ಹಿಡಿಯುವ ದ್ರವಗಳಾದ್ದರಿಂದ ಸಿಂಪಡಿಸಿದ ಕೆಲವು ನಿಮಿಷಗಳ ನಂತರವೇ ಸ್ಟಾರ್ಟ್ ಮಾಡಬೇಕು. ಸೀಳಿದ ವೈರ್‌ಗೆ ಅವು ಶಾಶ್ವತ ಪರಿಹಾರವೂ ಅಲ್ಲ.

ಮಳೆಗಾಲದ ಬೆಳಿಗ್ಗೆ ಸೈಲೆನ್ಸರ್‌ನಿಂದ ಬರುವ ಬಿಳಿ ಆವಿಯನ್ನು ಕಂಡು ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಗಾಬರಿಯಾಗಬೇಕಿಲ್ಲ. ಎಂಜಿನ್ ಕಾವೇರಿದ ಮೇಲೆ ಅದು ನಿಂತುಹೋದರೆ ಸಹಜ. ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಮಾತ್ರ ಚಿಂತಿಸಬೇಕು.

ಮಳೆಗೆ ಮುಂಚಿನ ಸಿದ್ಧತೆ

ಜಗಳೂರಿನ ಕಡೆಯ ವಾಹನಗಳಿಗೆ ಅತ್ಯಗತ್ಯವಾದದ್ದು ದೂಳು ತೆಗೆಯುವುದು: ಮೇ ತಿಂಗಳಲ್ಲಿ, ರೋಹಿಣಿ ಮಳೆಗೆ ಮುನ್ನ, ಕ್ಯಾಪ್, ವೈರ್‌ಗಳು ಮತ್ತು ಕಾಯಿಲ್‌ನ ತಲೆಯನ್ನು ತುಸು ತೇವ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸಿದರೆ ಸಾಕು. ಚನ್ನಗಿರಿ, ಹೊನ್ನಾಳಿ ಹಾಗೂ ನ್ಯಾಮತಿ, ಸವಳಂಗದ ಕಡೆ ದಿನಗಟ್ಟಲೆ ಬಿಡದ ಜಡಿಮಳೆಯಲ್ಲಿ ಹೊರಗೇ ನಿಲ್ಲುವ ಕಾರುಗಳಿಗೆ ಅಷ್ಟು ಸಾಲದು. ಪ್ಲಗ್ ಮತ್ತು ಕ್ಯಾಪ್‌ಗೆ ಸೇರುವ ರಬ್ಬರ್ ಟೋಪಿಗಳ ಒಳಅಂಚಿಗೆ ವಿದ್ಯುತ್ತನ್ನು ಒಯ್ಯದ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿದರೆ ಆ ಸಂದಿಯಿಂದ ನೀರು ಇಳಿಯುವುದಿಲ್ಲ. ಸಾಧಾರಣ ಚಾಸಿ ಗ್ರೀಸ್ ಈ ಕೆಲಸಕ್ಕೆ ಬಾರದು, ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಎಂಜಿನ್ ಕೆಳಗಿನ ತಡೆಹಲಗೆ ಇಲ್ಲದಿದ್ದರೆ ಅದನ್ನು ಹಾಕಿಸಬೇಕು, ಟ್ಯಾಂಕಿನ ಮುಚ್ಚಳದ ರಬ್ಬರ್ ಬಳೆ ಬದಲಿಸಬೇಕು.

ಇಷ್ಟಾಗಿಯೂ ಕಾರು ಕೈಕೊಟ್ಟರೆ ಬಿಸಿಲು ಬರುವವರೆಗೆ ಕಾಯದೆ, ದೋಷವಿರುವಾಗಲೇ, ಎಂಜಿನ್ ಒದ್ದೆಯಿರುವಾಗಲೇ ಮೆಕ್ಯಾನಿಕ್ ಅವರಿಗೆ ತೋರಿಸಬೇಕು. ಯಾವ ಹೊತ್ತಿನಲ್ಲಿ, ಎಂಥ ರಸ್ತೆಯಲ್ಲಿ, ಏನೇನು ಚಾಲೂ ಇದ್ದಾಗ ಹೀಗಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ಸೆಕೆಂಡ್ ಹ್ಯಾಂಡ್ ಕೊಂಡ ಹಳೆಯ ಕಾರಿನಲ್ಲಿ ಕ್ಯಾಪ್, ರೋಟರ್ ಮತ್ತು ಪ್ಲಗ್ ವೈರ್‌ಗಳನ್ನು ಕಡೆಯ ಬಾರಿಗೆ ಯಾವಾಗ ಬದಲಿಸಿದ್ದರು ಎಂಬುದು ತಿಳಿಯದಿದ್ದರೆ, ಬೇರೆ ಯಾವ ಭಾಗಕ್ಕೂ ಹಣ ಸುರಿಯುವ ಮೊದಲು ಈ ಮೂರನ್ನು ಒಮ್ಮೆಗೇ ಹೊಸದಾಗಿ ಹಾಕಿಸಬೇಕು.